ಬೆಟ್ಟದ ನೆತ್ತಿಯಿಂದ ಹೊರಟ ಕಿರಣ: ತ್ರಿಕೋನ ಮೋಜಣಿಯ ಚರಿತ್ರೆ

ಒಂದು ಬಿಂದುವಿನಿಂದ ಹೊರಟು ಒಂದೇ ದಿಕ್ಕಿನಲ್ಲಿ ಕೊನೆಯಿಲ್ಲದೆ ಸಾಗುವ ನೇರ ಗೆರೆಗೆ ರೇಖಾಗಣಿತದಲ್ಲಿ ಕಿರಣ ಎಂದು ಹೆಸರು. ಅದು ಹೊರಡುವ ಬಿಂದುವೇ ಅದರ ಅಂತ್ಯಬಿಂದು. ರೇಖಾಖಂಡಕ್ಕೆ ಎರಡು ಅಂತ್ಯಬಿಂದುಗಳಿರುವುದರಿಂದ ಅದರ ಉದ್ದವನ್ನು ಅಳೆಯಬಹುದು. ಸರಳರೇಖೆಗೆ ಅಂತ್ಯಬಿಂದುವೇ ಇಲ್ಲ. ಇವೆರಡರ ನಡುವೆ ನಿಲ್ಲುವ ಕಿರಣಕ್ಕೆ ಒಂದೇ ಅಂತ್ಯಬಿಂದು. ಅದರ ಉದ್ದ ಕೇಳಿದರೆ ಉತ್ತರವಿಲ್ಲ, ದಿಕ್ಕು ಕೇಳಿದರೆ ಉತ್ತರವಿದೆ. ‘ಕಖ’ ಎಂಬ ರೇಖಾಖಂಡವನ್ನು ‘ಖಕ’ ಎಂದು ಕರೆದರೂ ಅದೇ ಖಂಡ. ಕಿರಣದಲ್ಲಿ ಹಾಗಲ್ಲ. ‘ಕಖ’ ಕಿರಣ ಕ ಬಿಂದುವಿನಿಂದ ಹೊರಟು ಖ ಬಿಂದುವನ್ನು ಹಾದು ಮುಂದೆ ಹೋಗುತ್ತದೆ. ‘ಖಕ’ ಕಿರಣ ಖ ಬಿಂದುವಿನಿಂದ ಹೊರಟು ಎದುರು ದಿಕ್ಕಿಗೆ ಹೋಗುತ್ತದೆ. ಹೊರಡುವ ಬಿಂದುವಿನ ಹೆಸರು ಮೊದಲು ಬರಬೇಕೆಂಬ ನಿಯಮ ಇದಕ್ಕಾಗಿಯೇ. ಒಂದೇ ಅಂತ್ಯಬಿಂದುವಿನಿಂದ ಎರಡು ಕಿರಣಗಳು ಹೊರಟಾಗ ಕೋನ ಹುಟ್ಟುತ್ತದೆ, ಆ ಅಂತ್ಯಬಿಂದು ಕೋನದ ಶೃಂಗವಾಗುತ್ತದೆ.

ಶಾಲೆಯ ಮಕ್ಕಳು ಒಂದು ಪುಟದಲ್ಲಿ ಓದಿ ಮುಗಿಸುವ ಈ ವಿಷಯವನ್ನೇ ಬದುಕಿನ ಕಸುಬಾಗಿ ಮಾಡಿಕೊಂಡವರಿದ್ದರು. ಅವರು ತ್ರಿಕೋನ ಮೋಜಣಿಯವರು. ಬೆಟ್ಟದ ನೆತ್ತಿಯ ಒಂದು ಗುರುತು ಅವರಿಗೆ ಅಂತ್ಯಬಿಂದು, ಅಲ್ಲಿಂದ ಇನ್ನೊಂದು ಬೆಟ್ಟದತ್ತ ಹೋದ ದೃಷ್ಟಿ ಅವರಿಗೆ ಕಿರಣ. ಕಿರಣ ಪುಕ್ಕಟೆಯಾಗಿ ಸಿಗುತ್ತಿತ್ತು. ದೂರದರ್ಶಕಕ್ಕೆ ಕಣ್ಣಿಟ್ಟರೆ ಸಾಕಿತ್ತು. ಅಂತ್ಯಬಿಂದುವನ್ನು ಮಾತ್ರ ಹಣ, ವರ್ಷ, ಜೀವ ಎಲ್ಲವನ್ನೂ ತೆತ್ತು ಸಂಪಾದಿಸಬೇಕಾಗಿತ್ತು. ಈ ಕಸುಬಿನ ಚರಿತ್ರೆಯ ಬಹುಭಾಗ ಅಂತ್ಯಬಿಂದುಗಳ ಚರಿತ್ರೆಯೇ.

ಕಿರಣದ ಕಲ್ಪನೆ ಮೊದಲು ಬೆಳೆದದ್ದು ನೋಟದ ವಿಚಾರದಲ್ಲಿ. ಕ್ರಿಸ್ತಪೂರ್ವ 300ರ ಸುಮಾರಿನ ಯೂಕ್ಲಿಡ್ ತನ್ನ ‘ಆಪ್ಟಿಕ್ಸ್’ ಗ್ರಂಥದಲ್ಲಿ ಕಣ್ಣಿನಿಂದ ನೇರ ಕಿರಣಗಳು ಹೊರಟು ವಸ್ತುಗಳನ್ನು ಮುಟ್ಟುತ್ತವೆ ಎಂದು ಇಟ್ಟುಕೊಂಡು ನೋಟವನ್ನು ರೇಖಾಗಣಿತವಾಗಿಸಿದ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಇಬ್ನ್ ಅಲ್ ಹೈಥಮ್ ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆಂದು ವಾದಿಸಿ, ಕಣ್ಣಿನಲ್ಲಿದ್ದ ಅಂತ್ಯಬಿಂದುವನ್ನು ವಸ್ತುವಿನ ಮೇಲೆ ಇಟ್ಟ. ಗೆರೆಗಳ ಜೋಡಣೆ ಹಾಗೆಯೇ ಉಳಿಯಿತು, ಹೊರಡುವ ತುದಿ ಮಾತ್ರ ಬದಲಾಯಿತು. ಯೂಕ್ಲಿಡ್‌ನ ‘ಎಲಿಮೆಂಟ್ಸ್’ನಲ್ಲಿ ಕಿರಣಕ್ಕೆ ಪ್ರತ್ಯೇಕ ಸ್ಥಾನವಿಲ್ಲ, ಅಲ್ಲಿ ಎಲ್ಲವೂ ಬೇಕಾದಷ್ಟು ಬೆಳೆಸಬಹುದಾದ ಖಂಡಗಳು. ಸರಳರೇಖೆಯ ಮೇಲೆ ಒಂದು ಬಿಂದುವಿನ ಒಂದೇ ಬದಿಯಲ್ಲಿರುವ ಬಿಂದುಗಳನ್ನೆಲ್ಲ ಕೂಡಿಸಿ ಅರ್ಧರೇಖೆ ಎಂದು ನಿಖರವಾಗಿ ವ್ಯಾಖ್ಯಾನಿಸಿ, ಕೋನವನ್ನು ಅಂಥ ಎರಡರ ಜೋಡಿ ಎಂದು ಕಟ್ಟಿಕೊಟ್ಟವನು ಜರ್ಮನಿಯ ಡೇವಿಡ್ ಹಿಲ್ಬರ್ಟ್, ಅದೂ 1899ರಷ್ಟು ತಡವಾಗಿ. ಅಷ್ಟು ಹೊತ್ತಿಗೆ ಮೋಜಣಿಯವರು ಮುನ್ನೂರು ವರ್ಷಗಳಿಂದ ಕಿರಣಗಳ ಮೇಲೆಯೇ ದೇಶಗಳನ್ನು ಅಳೆಯುತ್ತಿದ್ದರು.

ತ್ರಿಕೋನ ಮೋಜಣಿಯ ಉಪಾಯವನ್ನು 1533ರಲ್ಲಿ ಅಚ್ಚಿಗೆ ತಂದವನು ನೆದರ್ಲೆಂಡ್ಸ್ ಸೀಮೆಯ ಗೆಮ್ಮಾ ಫ್ರಿಸಿಯಸ್. ಎರಡು ಊರುಗಳ ನಡುವಣ ದೂರ ಗೊತ್ತಿದ್ದರೆ, ಎರಡೂ ಕಡೆಯಿಂದ ಮೂರನೆಯ ಊರಿನ ಗೋಪುರದತ್ತ ಒಂದೊಂದು ಕಿರಣ ಎಳೆಯಬೇಕು. ಕಿರಣಗಳು ಕೂಡಿದಲ್ಲಿ ಮೂರನೆಯ ಊರು. ಅಲ್ಲಿಗೆ ನಡೆದು ಹೋಗಿ ಅಳೆಯುವ ಅಗತ್ಯವಿಲ್ಲ. ಹೀಗೆ ಸಿಕ್ಕ ಊರು ಹೊಸ ಕಿರಣಗಳಿಗೆ ಅಂತ್ಯಬಿಂದುವಾಗುತ್ತದೆ, ಜಾಲ ಹಬ್ಬುತ್ತದೆ. ನೆಲದ ಮೇಲೆ ಕೈಯಾರೆ ಅಳೆಯಬೇಕಾದ್ದು ಮೊದಲ ಖಂಡ ಒಂದೇ. ಅದಕ್ಕೆ ಆಧಾರರೇಖೆ ಎಂದು ಹೆಸರು. 1615ರಲ್ಲಿ ಸ್ನೆಲಿಯಸ್ ಈ ವಿಧಾನದಿಂದ ಹಾಲೆಂಡಿನಲ್ಲಿ ಭೂಮಿಯ ಸುತ್ತಳತೆಯನ್ನೇ ಅಂದಾಜಿಸಲು ಹೊರಟ. ಮುಂದೆ ಫ್ರಾನ್ಸ್ ಇದನ್ನು ರಾಜ್ಯದ ಕೆಲಸವನ್ನಾಗಿ ಮಾಡಿತು.

ಭಾರತದಲ್ಲಿ ಈ ಕಸುಬು ಬೇರೂರಿದ್ದು ಮೈಸೂರಿನ ಯುದ್ಧದ ಬೆನ್ನಿಗೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ, ಗೆದ್ದ ನಾಡನ್ನು ಅಳೆಯುವ ಎರಡು ಕೆಲಸಗಳು ಹೆಚ್ಚುಕಡಿಮೆ ಒಟ್ಟೊಟ್ಟಿಗೆ ಶುರುವಾದವು. ಒಂದಕ್ಕೆ ಕಾಲಿನ್ ಮೆಕೆಂಜಿ ಮುಖ್ಯಸ್ಥ. ಊರು, ಕೆರೆ, ಹೊಳೆ, ಗಡಿಗಳ ನಕ್ಷೆಯ ಜೊತೆಗೆ ಆತನ ತಂಡ ಶಾಸನಗಳನ್ನೂ ಊರೂರಿನ ಚರಿತ್ರೆ ಹೇಳುವ ಕೈಫಿಯತ್ತುಗಳನ್ನೂ ಕಲೆಹಾಕಿತು. ಕಾವಲಿ ವೆಂಕಟ ಬೊರಯ್ಯ ಮತ್ತು ಅವನ ತಮ್ಮಂದಿರ ನೆರವಿಲ್ಲದೆ ಆ ಸಂಗ್ರಹ ಆಗುತ್ತಿರಲಿಲ್ಲ. ಇನ್ನೊಂದು ಕೆಲಸ ವಿಲಿಯಂ ಲ್ಯಾಂಬ್ಟನ್‌ನದು. 33ನೆಯ ಪದಾತಿ ರೆಜಿಮೆಂಟಿನ ಈ ಅಧಿಕಾರಿಗೆ ಆಗಲೇ ನಡುವಯಸ್ಸು ಮೀರುತ್ತಿತ್ತು. ಪರ್ಯಾಯ ದ್ವೀಪವನ್ನು ಕರಾವಳಿಯಿಂದ ಕರಾವಳಿಗೆ ತ್ರಿಕೋನಗಳಿಂದ ಹೊಲಿದು, ಅದರೊಂದಿಗೆ ಭೂಮಿಯ ಆಕಾರವನ್ನೂ ತಿಳಿಯಬೇಕೆಂಬುದು ಆತನ ಹಂಬಲ.

ಮದ್ರಾಸಿನ ಆಡಳಿತದಲ್ಲಿ ಎಲ್ಲರಿಗೂ ಇದು ರುಚಿಸಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿಯ ಬೋವಿಗಳ ಮುಖಂಡನಿಗೆ ಹೇಳಿದರೆ ಸಾಕು, ಲ್ಯಾಂಬ್ಟನ್‌ನ ನಕ್ಷೆ ಏಕೆ ಬೇಕು ಎಂಬರ್ಥದ ಮಾತನ್ನು ಹಣಕಾಸು ಸಮಿತಿಯ ಸದಸ್ಯನೊಬ್ಬ ಆಡಿದನೆಂದು ದಾಖಲಾಗಿದೆ. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ದಾರಿ ಬಲ್ಲವನಿಗೆ ಊರು ಮುಟ್ಟಲು ಅಕ್ಷಾಂಶ ರೇಖಾಂಶ ಬೇಕಿಲ್ಲ. ಲ್ಯಾಂಬ್ಟನ್ ಕೇಳುತ್ತಿದ್ದ ಪ್ರಶ್ನೆಯೇ ಬೇರೆ: ಊರುಗಳು ಒಂದಕ್ಕೊಂದು ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿ, ಎಂಥ ಬಾಗಿದ ನೆಲದ ಮೇಲೆ ನಿಂತಿವೆ?

1800ರ ಕೊನೆಯ ತಿಂಗಳುಗಳಲ್ಲಿ ಆತ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿಯ ಒಂದು ಆಧಾರರೇಖೆಯನ್ನು ಅಳೆದ. ಅಳತೆಗೆ ಬಳಸಿದ 100 ಅಡಿಯ ಉಕ್ಕಿನ ಸರಪಳಿಗೆ ಅದಾಗಲೇ ಒಂದು ಚರಿತ್ರೆಯಿತ್ತು. 1793ರಲ್ಲಿ ಬ್ರಿಟನ್ನಿನ ರಾಯಭಾರಿ ಮೆಕಾರ್ಟ್ನಿಯ ನಿಯೋಗ ಚೀನಾದ ಚಕ್ರವರ್ತಿಗೆಂದು ಕೊಂಡೊಯ್ದಿದ್ದ ಉಪಕರಣಗಳಲ್ಲಿ ಅದೂ ಒಂದು. ಅಲ್ಲಿ ಬೇಡವಾಗಿ, ಡಿನ್‌ವಿಡ್ಡಿ ಎಂಬ ವಿದ್ವಾಂಸನ ಕೈಸೇರಿ ಕಲ್ಕತ್ತೆಗೆ ಬಂದಿತ್ತು. ಎರಡೂವರೆ ಅಡಿಯ 40 ಕೊಂಡಿಗಳ ಆ ಸರಪಳಿಯೇ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಕಡೆಯ ಬಯಲಿನಲ್ಲೂ ಕೆಲಸಕ್ಕೆ ಬಂತು. ಏಪ್ರಿಲ್ 10ರಂದು ಶುರುವಾದ ಆ ಅಳತೆ ಮೇ ಕೊನೆಯ ಹೊತ್ತಿಗೆ ಮುಗಿಯಿತು. ಸರಪಳಿಯನ್ನು ನೆಲದ ಮೇಲೆ ಎಳೆಯುವಂತಿರಲಿಲ್ಲ. ಮರದ ದೋಣಿಗಳನ್ನು ಮುಕ್ಕಾಲಿಗಳ ಮೇಲೆ ಮಟ್ಟವಾಗಿ ಜೋಡಿಸಿ, ಅವುಗಳೊಳಗೆ ಸರಪಳಿಯನ್ನು ಹಾಸಿ, ಒಂದೇ ಬಿಗುವಿನಲ್ಲಿ ಎಳೆದು ಹಿಡಿದು, ಉಷ್ಣಮಾಪಕ ನೋಡಿ ಉಕ್ಕು ಎಷ್ಟು ಹಿಗ್ಗಿದೆ ಎಂದು ಲೆಕ್ಕ ಹಾಕಬೇಕಾಗಿತ್ತು. ನಲವತ್ತು ಸಾವಿರ ಅಡಿಯ ಒಂದೇ ಒಂದು ಖಂಡಕ್ಕೆ ಸರಪಳಿಯನ್ನು ನಾನೂರು ಸಲ ಹಾಸಿ ತೆಗೆದು ಮತ್ತೆ ಹಾಸಬೇಕು. ಕಡುಬೇಸಿಗೆಯ ಮದ್ರಾಸಿನಲ್ಲಿ ಅಷ್ಟು ದಿನ ಆ ದೋಣಿ, ಮುಕ್ಕಾಲಿಗಳನ್ನು ಹೊತ್ತು ಸಾಗಿಸಿದ ಕೂಲಿಗಳ ಶ್ರಮ ಆ ಖಂಡದ ಎರಡು ತುದಿಗಳ ನಡುವೆ ಅಡಗಿದೆ.

ಖಂಡ ಸಿಕ್ಕಿತು, ಇನ್ನು ಕಿರಣಗಳು. ಅವುಗಳ ನಡುವಣ ಕೋನ ಅಳೆಯಲು ವಿಲಿಯಂ ಕ್ಯಾರಿ ಎಂಬ ಲಂಡನ್ನಿನ ಕುಶಲಕರ್ಮಿ ಮಾಡಿದ ದೊಡ್ಡ ಥಿಯೋಡೊಲೈಟ್ ಬರಬೇಕಿತ್ತು. ಅದನ್ನು ತರುತ್ತಿದ್ದ ಹಡಗು ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್ ಸೇರಿತು. ಯಂತ್ರದ ಉದ್ದೇಶ ಕಂಡ ಫ್ರೆಂಚರು ಅದನ್ನು ಮದ್ರಾಸಿಗೆ ಕಳಿಸಿಕೊಟ್ಟರು. ಹಗೆತನದ ಆ ಕಾಲದಲ್ಲಿ ಇದು ನೆನಪಿಡಬೇಕಾದ ಔದಾರ್ಯ. ಅರ್ಧ ಟನ್ನಿನಷ್ಟು ತೂಗುತ್ತಿದ್ದ ಅದರ ಅಡ್ಡ ಚಕ್ರ ಮೂರು ಅಡಿ ಅಗಲದ್ದು. ಇಷ್ಟು ದೊಡ್ಡ ಚಕ್ರ ಬೇಕಾದ ಕಾರಣ ಕಿರಣದ ಸ್ವಭಾವದಲ್ಲೇ ಇದೆ. ಅಂತ್ಯಬಿಂದುವಿನಿಂದ ದೂರ ಹೋದಷ್ಟೂ ಸಣ್ಣ ತಪ್ಪು ಅಗಲವಾಗುತ್ತದೆ. ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲು ಒಂದು ಸೆಕೆಂಡು. ಕಿರಣದ ದಿಕ್ಕು ಅಷ್ಟು ತಪ್ಪಿದರೂ 50 ಕಿಲೋಮೀಟರಿನ ಆಚೆ ಅದು ಸುಮಾರು 24 ಸೆಂಟಿಮೀಟರು ಪಕ್ಕಕ್ಕೆ ಬೀಳುತ್ತದೆ. ಯಂತ್ರವನ್ನು ಗುರುತಿನ ಮೇಲೆ ಸರಿಯಾಗಿ ನಿಲ್ಲಿಸದಿದ್ದರೂ ಇದೇ ಗತಿ. 10 ಕಿಲೋಮೀಟರು ದೂರದ ಗುರಿಯನ್ನು ನೋಡುವಾಗ ಶೃಂಗದಿಂದ ಐದು ಸೆಂಟಿಮೀಟರು ಸರಿದು ನಿಂತರೆ ಕೋನದಲ್ಲಿ ಒಂದು ಸೆಕೆಂಡಿನ ವ್ಯತ್ಯಾಸ ಬರಬಹುದು. ಎರಡು ಕಿರಣಗಳಿಗೆ ಅಂತ್ಯಬಿಂದು ಒಂದೇ ಆಗಿದ್ದರೆ ಮಾತ್ರ ಕೋನ ಎಂಬ ಪಾಠದ ಮಾತು ಬೆಟ್ಟದ ಮೇಲೆ ತೂಗುಗುಂಡಿನ ಕೆಲಸವಾಗುತ್ತಿತ್ತು.

ತ್ರಿಕೋನಗಳು ಮದ್ರಾಸಿನಿಂದ ಪಡುವಣಕ್ಕೆ ಹಬ್ಬಿ ಮೈಸೂರು ಸೀಮೆಯನ್ನು ಮುಟ್ಟಿದವು. 1804ರಲ್ಲಿ ಲ್ಯಾಂಬ್ಟನ್‌ನ ಸಹಾಯಕ ಜಾನ್ ವಾರನ್ ಬೆಂಗಳೂರಿನ ಬಳಿ ಏಳು ಮೈಲಿಗೂ ತುಸು ಹೆಚ್ಚಿನ ಆಧಾರರೇಖೆಯೊಂದನ್ನು ಸರಪಳಿಯಿಂದಲೇ ಅಳೆದ. ಮದ್ರಾಸಿನ ಖಂಡದಿಂದ ಹೊರಟು, ಕಿರಣಗಳ ಮೇಲೆ ಕಿರಣ ಕೂಡಿಸಿ ಲೆಕ್ಕ ಹಾಕಿದರೆ ಇದರ ಉದ್ದ ಎಷ್ಟಾಗಬೇಕೆಂಬುದು ಕಾಗದದಲ್ಲಿ ಬಂದಿತ್ತು. ನೆಲದ ಅಳತೆಗೂ ಕಾಗದದ ಲೆಕ್ಕಕ್ಕೂ ನಾಲ್ಕು ಇಂಚಿನಷ್ಟೂ ಅಂತರವಿರಲಿಲ್ಲ. ಇನ್ನೂರು ಮೈಲಿ ಕಾಡು, ಘಾಟಿ, ದುರ್ಗಗಳನ್ನು ದಾಟಿ ಬಂದ ಲೆಕ್ಕವದು. ಭಾರತದ ಮೋಜಣಿಯ ಚರಿತ್ರೆಯಲ್ಲಿ ಇದಕ್ಕಿಂತ ಸೊಗಸಾದ ಫಲಿತಾಂಶಗಳು ಮುಂದೆ ಬಂದಿರಬಹುದು, ಇದಕ್ಕಿಂತ ನಿರ್ಣಾಯಕವಾದದ್ದು ಬಂದಿಲ್ಲ. ಕಿರಣಗಳನ್ನು ನಂಬಬಹುದೆಂದು ಬೆಂಗಳೂರಿನ ಬಯಲು ತೋರಿಸಿಕೊಟ್ಟಿತು.

ಮುಂದೆ ಸಾವನದುರ್ಗದಂಥ ಬಂಡೆಬೆಟ್ಟಗಳು ಒಂದೊಂದಾಗಿ ಅಂತ್ಯಬಿಂದುಗಳಾದವು. ಪಾಳೆಯಗಾರರು ಕಾವಲಿಗೆ ಆರಿಸಿಕೊಂಡಿದ್ದ ನೆತ್ತಿಗಳೇ ಮೋಜಣಿಗೂ ಒದಗಿದ್ದು ಸಹಜ. ಎರಡಕ್ಕೂ ಬೇಕಾದದ್ದು ಅಡ್ಡಿಯಿಲ್ಲದ ನೋಟ. ಬೆಂಗಳೂರಿನ ದೊಡ್ಡಗುಂಟದಲ್ಲಿ ನಕ್ಷತ್ರಗಳನ್ನು ನೋಡಿ ಅಕ್ಷಾಂಶ ಕಂಡುಕೊಂಡದ್ದಾಯಿತು. ಜಾಲ ಪಶ್ಚಿಮ ಘಟ್ಟ ಇಳಿದು ಕಡಲು ಮುಟ್ಟಿದಾಗ, ಮದ್ರಾಸಿನಿಂದ ಮಂಗಳೂರಿನ ಕರಾವಳಿಯವರೆಗಿನ ಅಗಲ ಸುಮಾರು 360 ಮೈಲಿ ಎಂದು ತಿಳಿಯಿತು. ಆವರೆಗಿನ ನಕ್ಷೆಗಳಲ್ಲಿ ಅದು 400 ಮೈಲಿಯಿತ್ತು. ಯಾವ ನೆಲವೂ ಕಳೆದುಹೋಗದೆ ನಲವತ್ತು ಮೈಲಿ ನಕ್ಷೆಯಿಂದ ಮಾಯವಾಯಿತು.

ಅಂತ್ಯಬಿಂದುವನ್ನು ಉಳಿಸಿಕೊಳ್ಳುವುದೂ ಒಂದು ವಿದ್ಯೆಯೇ. ಬಂಡೆಯಿದ್ದರೆ ಅದರ ಮೇಲೆ ಒಂದು ಚುಕ್ಕಿ ಕೊರೆದು ಸುತ್ತ ವೃತ್ತ ಕೆತ್ತುತ್ತಿದ್ದರು. ಮಣ್ಣಿನ ನೆಲವಾದರೆ ಗುರುತಿನ ಕಲ್ಲನ್ನು ಹೂತು, ಮೇಲಿನದು ಕಿತ್ತುಹೋದರೂ ಇರಲೆಂದು ಅದರ ಕೆಳಗೆ ಇನ್ನೊಂದನ್ನು ಇಡುವುದುಂಟು. ಎದುರು ಬೆಟ್ಟದ ಮೇಲೆ ಬಾವುಟ ಹಿಡಿದು ಕಾಯುವವರು ಬೇಕು. ಮಂಜು ತಿಳಿಯಾಗುವವರೆಗೆ, ಕೆಲವೊಮ್ಮೆ ವಾರಗಟ್ಟಲೆ, ಅವರು ಕಾಡಿನ ನಡುವೆ ಉಳಿಯಬೇಕಾಗಿತ್ತು. ಜ್ವರದಿಂದ ಸತ್ತವರು ಅನೇಕರು. ಅಧಿಕಾರಿಗಳ ಹೆಸರು ವರದಿಗಳಲ್ಲಿ ಎದ್ದು ಕಾಣುತ್ತದೆ, ಬಾವುಟದವರ ಹೆಸರು ಅಪರೂಪ. ಆದರೆ ಅವರು ನಿಂತಲ್ಲಿ ನಿಲ್ಲದಿದ್ದರೆ ಕಿರಣಕ್ಕೆ ಹಾದುಹೋಗಲು ಎರಡನೆಯ ಬಿಂದುವೇ ಇರುತ್ತಿರಲಿಲ್ಲ.

ಬೆಟ್ಟವಿಲ್ಲದ ಸೀಮೆಯಲ್ಲಿ ಕಷ್ಟ ಇನ್ನೂ ಹೆಚ್ಚು. ಕಾವೇರಿಯ ಬಯಲಿನಲ್ಲಿ ದೇವಾಲಯಗಳ ಗೋಪುರಗಳೇ ಆಸರೆಯಾದವು. 1808ರಲ್ಲಿ ತಂಜಾವೂರಿನ ಬೃಹದೀಶ್ವರ ಗುಡಿಯ ಮೇಲಕ್ಕೆ ಥಿಯೋಡೊಲೈಟನ್ನು ಹಗ್ಗದಿಂದ ಎತ್ತುವಾಗ ಹಗ್ಗ ಹರಿದು, ಯಂತ್ರ ಗೋಡೆಗೆ ಬಡಿದು, ಚಕ್ರ ಸೊಟ್ಟಾಯಿತು. ಲ್ಯಾಂಬ್ಟನ್ ಡೇರೆಯೊಳಗೆ ಕುಳಿತು ಆರು ವಾರಗಳಲ್ಲಿ ಅದನ್ನು ಸ್ವಲ್ಪಸ್ವಲ್ಪವೇ ಎಳೆದು ಮೊದಲಿನ ದುಂಡಿಗೆ ತಂದ. ಆ ಯಂತ್ರ ಮುಂದೆ ಎಷ್ಟೋ ವರ್ಷ ದುಡಿಯಿತು.

ಮೆಕೆಂಜಿಯ ಕಡೆಯವರಂಥ ನಕ್ಷೆಗಾರರ ಕಿರಣಗಳು ಕಾಗದದ ಮೇಲೆಯೇ ಮೂಡುತ್ತಿದ್ದವು. ಅವರ ಮುಖ್ಯ ಸಾಧನ ಪ್ಲೇನ್ ಟೇಬಲ್: ಮುಕ್ಕಾಲಿಯ ಮೇಲೊಂದು ಹಲಗೆ, ಅದಕ್ಕೆ ಬಿಗಿದ ಹಾಳೆ, ನೋಟಕ್ಕೆ ಸೀಳುಗಳಿರುವ ಒಂದು ಅಳತೆಪಟ್ಟಿ. ನಿಂತ ಜಾಗವನ್ನು ಹಾಳೆಯ ಮೇಲೆ ಚುಕ್ಕಿಯಾಗಿ ಗುರುತಿಸಿ, ಪಟ್ಟಿಯನ್ನು ಅದಕ್ಕೆ ತಾಗಿಸಿ, ದೂರದ ಗುಡಿಯ ಕಳಸಕ್ಕೋ ಒಂಟಿ ಆಲದ ಮರಕ್ಕೋ ಗುರಿಯಿಟ್ಟು ಪೆನ್ಸಿಲಿನಿಂದ ಗೆರೆ ಎಳೆಯುತ್ತಾರೆ. ಮರ ಆ ಗೆರೆಯ ಮೇಲೆ ಎಲ್ಲೋ ಇದೆ, ಎಲ್ಲಿ ಎಂಬುದು ಗೊತ್ತಿಲ್ಲ. ಒಂದೇ ಕಿರಣ ಹೇಳಬಲ್ಲದ್ದು ಅಷ್ಟೇ. ಎರಡನೆಯ ಜಾಗಕ್ಕೆ ಹೋಗಿ, ಹಲಗೆಯನ್ನು ಹಿಂದಿನ ಜಾಗದತ್ತ ನೋಡಿ ಸರಿಯಾಗಿ ತಿರುಗಿಸಿ, ಅದೇ ಮರಕ್ಕೆ ಮತ್ತೊಂದು ಗೆರೆ ಎಳೆದಾಗ ಮರ ಹಾಳೆಯ ಮೇಲೆ ತನ್ನ ಜಾಗ ಪಡೆಯುತ್ತದೆ. ಮೂರನೆಯ ಗೆರೆ ಸಾಕ್ಷಿಗೆ. ಮೂರೂ ಒಂದೇ ಚುಕ್ಕಿಯಲ್ಲಿ ಕೂಡದೆ ಪುಟ್ಟ ತ್ರಿಕೋನ ಬಿಟ್ಟರೆ ಎಲ್ಲೋ ತಪ್ಪಿದೆ ಎಂದರ್ಥ. ಎರಡು ಕಿರಣಗಳು ತೀರ ಚೂಪಾದ ಕೋನದಲ್ಲಿ ಕೂಡಿದರೂ ಅಪಾಯ, ಅವು ಕೂಡುವ ಜಾಗ ಉದ್ದಕ್ಕೆ ಎಳೆದಂತಾಗಿ ನಿಖರತೆ ಹೋಗುತ್ತದೆ. ಅದಕ್ಕಾಗಿ ಮೂವತ್ತು ಡಿಗ್ರಿಗಿಂತ ಕಡಿಮೆಯ ಕೋನಗಳನ್ನು ಸಾಮಾನ್ಯವಾಗಿ ದೂರವಿಡುತ್ತಿದ್ದರು.

ರೈತನ ಹೊಲ ಅಳೆದ ಕಂದಾಯ ಮೋಜಣಿಗೆ ಇಂಥ ಕಿರಣಗಳ ಅಗತ್ಯ ಅಷ್ಟಾಗಿ ಬೀಳಲಿಲ್ಲ. ಅಲ್ಲಿ ಎರಡು ತುದಿಗಳೂ ಕಣ್ಣೆದುರಿಗಿರುತ್ತವೆ. 33 ಅಡಿಯ, ಹದಿನಾರು ಆಣೆಗಳ ಸರಪಳಿಯನ್ನು ಬಾಂದುಕಲ್ಲಿನಿಂದ ಬಾಂದುಕಲ್ಲಿಗೆ ಹಿಡಿದರೆ ಖಂಡ ಸಿಗುತ್ತದೆ. ಆ ಸರಪಳಿಯ ಉದ್ದಗಲದ ಚೌಕವೇ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಹಳ್ಳಿಯ ಗಡಿಜಗಳ ಬಾಂದುಕಲ್ಲಿನ ಸುತ್ತಲೇ ನಡೆಯುತ್ತದೆ, ಅಲ್ಲೂ ತಕರಾರು ಅಂತ್ಯಬಿಂದುವಿನದೇ.

ಲ್ಯಾಂಬ್ಟನ್ 1823ರ ಜನವರಿ 20ರಂದು ಹಿಂಗನ್‌ಘಾಟ್‌ನಲ್ಲಿ, ಕೆಲಸದ ದಾರಿಯಲ್ಲೇ ತೀರಿಕೊಂಡ. 1818ರಿಂದ ಈ ಕೆಲಸಕ್ಕೆ ಗ್ರೇಟ್ ಟ್ರಿಗೊನೊಮೆಟ್ರಿಕಲ್ ಸರ್ವೆ ಎಂಬ ಹೆಸರು ಬಂದಿತ್ತು. ಅವನ ಜಾಗಕ್ಕೆ ಬಂದ ಜಾರ್ಜ್ ಎವರೆಸ್ಟ್‌ನನ್ನು ಕಾಡಿದ್ದು ಬೇರೆ ತೊಡಕು. ಗಣಿತದ ಕಿರಣ ನೇರ. ಬೆಳಕಿನ ಕಿರಣ ಹಾಗಿಲ್ಲ. ನೆಲದ ಹತ್ತಿರ ಗಾಳಿ ದಟ್ಟ, ಮೇಲೆ ತೆಳು. ಅದರ ನಡುವೆ ಸಾಗುವ ಬೆಳಕು ಭೂಮಿಯ ಬಾಗಿನ ಸುಮಾರು ಏಳರಲ್ಲಿ ಒಂದು ಪಾಲಿನಷ್ಟು ತಾನೂ ಬಾಗುತ್ತದೆ. ಇತ್ತ ಭೂಮಿಯೂ ಕಿರಣದ ಕೆಳಗಿನಿಂದ ಜಾರಿಹೋಗುತ್ತದೆ: ಮಟ್ಟವಾಗಿ ಹೊರಟ ನೇರ ಕಿರಣ 50 ಕಿಲೋಮೀಟರಿನ ಆಚೆ ಕಡಲ ಮಟ್ಟದಿಂದ ಸುಮಾರು 200 ಮೀಟರು ಮೇಲಿರುತ್ತದೆ. ಹಗಲಿನ ಬಿಸಿಯಲ್ಲಿ ಕಾಣದ ಗುರಿಗಳು ರಾತ್ರಿ, ಬೆಳಗಿನ ಜಾವಗಳಲ್ಲಿ ಗಾಳಿ ತಣ್ಣಗಾದಾಗ ಮೇಲೆದ್ದು ಕಾಣುವುದನ್ನು ಎವರೆಸ್ಟ್ ಗಮನಿಸಿದ. ಬಾವುಟಗಳ ಬದಲು ಇರುಳಿಗೆ ದೀಪ, ಹಗಲಿಗೆ ಬಿಸಿಲನ್ನು ತಿರುಗಿಸಿ ಹಾಯಿಸುವ ಕನ್ನಡಿಯ ಹೀಲಿಯೋಟ್ರೋಪ್ ಬಂದವು. ಗಂಗೆಯ ಬಯಲಿನಲ್ಲಿ ಬೆಟ್ಟಗಳಿಲ್ಲದ ಕೊರತೆಗೆ ಗಾರೆಯ ಗೋಪುರಗಳನ್ನೇ ಕಟ್ಟಿಸಲಾಯಿತು. ಸರಪಳಿಯ ಬದಲು, ಬಿಸಿಲಿಗೂ ಉದ್ದ ಬದಲಾಗದಂತೆ ಎರಡು ಲೋಹಗಳನ್ನು ಜೋಡಿಸಿದ ಕೋಲ್ಬಿ ಸರಳುಗಳು ಬಂದವು. ಅವುಗಳಿಂದಲೇ ಎವರೆಸ್ಟ್‌ನ ಸಹಾಯಕ ಆಂಡ್ರ್ಯೂ ವಾ 1841ರಲ್ಲಿ ಬೀದರಿನ ಆಧಾರರೇಖೆಯನ್ನು ಅಳೆದ.

ಬಾಗಿದ ನೆಲದ ಮೇಲಣ ತ್ರಿಕೋನದ ಮೂರು ಕೋನಗಳ ಮೊತ್ತವೂ 180 ಡಿಗ್ರಿಗೆ ನಿಲ್ಲುವುದಿಲ್ಲ, ಸುಮಾರು 196 ಚದರ ಕಿಲೋಮೀಟರಿಗೆ ಒಂದು ಸೆಕೆಂಡಿನಂತೆ ಹೆಚ್ಚುತ್ತದೆ. 50 ಕಿಲೋಮೀಟರು ಬಾಹುಗಳ ಸಮಬಾಹು ತ್ರಿಕೋನದಲ್ಲಿ ಐದು ಸೆಕೆಂಡಿಗೂ ಮೀರಿ ಹೆಚ್ಚಳ. ದೊಡ್ಡ ಥಿಯೋಡೊಲೈಟಿನ ಕಣ್ಣಿಗೆ ಇದು ಬೀಳುತ್ತಿತ್ತು. ಶಾಲೆಯ ಪಾಠದ ಪ್ರಮೇಯ ಚಪ್ಪಟೆ ಹಾಳೆಗೆ ಸಲ್ಲುವುದೆಂಬುದನ್ನು ಈ ಮಂದಿ ಕೈಯಾರೆ ಅಳೆದು ಕಂಡರು.

ಕಿರಣಗಳ ಸಾಮರ್ಥ್ಯ ಹಿಮಾಲಯದಲ್ಲಿ ಪೂರ್ತಿ ಬೆಳಕಿಗೆ ಬಂತು. ನೇಪಾಳದೊಳಗೆ ಕಾಲಿಡಲು ಮೋಜಣಿಯವರಿಗೆ ಅನುಮತಿಯಿರಲಿಲ್ಲ. ಬಿಹಾರದ ಬಯಲಿನ ಆರು ಠಾಣೆಗಳಿಂದ, ನೂರು ಮೈಲಿಗೂ ಆಚೆಯ ಒಂದು ಶಿಖರದತ್ತ ಕಿರಣಗಳು ಹೋದವು. ಹದಿನೈದನೆಯ ಶಿಖರ ಎಂದಷ್ಟೇ ಗುರುತಿದ್ದ ಅದರ ಎತ್ತರದ ಲೆಕ್ಕದಲ್ಲಿ ಬಂಗಾಳದ ಗಣಿತಜ್ಞ ರಾಧಾನಾಥ ಸಿಕ್ದರ್‌ನ ಪಾತ್ರ ದೊಡ್ಡದು. 1856ರಲ್ಲಿ ವಾ ಪ್ರಕಟಿಸಿದ ಎತ್ತರ 29,002 ಅಡಿ. 2020ರಲ್ಲಿ ನೇಪಾಳ ಮತ್ತು ಚೀನಾ ಒಟ್ಟಾಗಿ ಸಾರಿದ್ದು 8,848.86 ಮೀಟರು, ಹಳೆಯ ಲೆಕ್ಕ ಇದಕ್ಕಿಂತ ಒಂಬತ್ತೇ ಮೀಟರು ಕಡಿಮೆ. ಯಾರೂ ಮೆಟ್ಟದ ನೆತ್ತಿಯೊಂದು ಕಿರಣಗಳು ಕೂಡುವ ಬಿಂದುವಾಗಿ ಲೋಕಕ್ಕೆ ಪರಿಚಯವಾಯಿತು. ಅದಕ್ಕೆ ಎವರೆಸ್ಟ್‌ನ ಹೆಸರಿಟ್ಟದ್ದಕ್ಕಿಂತ ಈ ಸಂಗತಿ ದೊಡ್ಡದು.

ಇಷ್ಟೆಲ್ಲ ತ್ರಿಕೋನಗಳೂ ಕೊನೆಗೆ ಎಲ್ಲೋ ಒಂದೆಡೆ ಕಟ್ಟುಬೀಳಬೇಕು. ಜಾಲದ ಆಕಾರ ಗೊತ್ತಾದರೂ, ಅದನ್ನು ಭೂಮಿಯ ಮೇಲೆ ಎಲ್ಲಿಟ್ಟು ಯಾವ ಕಡೆಗೆ ತಿರುಗಿಸಬೇಕೆಂಬುದು ಉಳಿಯುತ್ತದೆ. ಅದಕ್ಕೆ ಸಾಕಾದದ್ದು ಒಂದೇ ಒಂದು ಕಿರಣ. ಮಧ್ಯಪ್ರದೇಶದ ಕಲ್ಯಾಣಪುರದ ಠಾಣೆ ಅಂತ್ಯಬಿಂದುವಾಯಿತು. ಅಲ್ಲಿಂದ ಸುರಂತಲ್ ಠಾಣೆಯತ್ತ ಹೋಗುವ ಕಿರಣದ ದಿಕ್ಕನ್ನು ನಕ್ಷತ್ರಗಳಿಂದ ನಿಶ್ಚಯಿಸಲಾಯಿತು. ಭಾರತದ ಮೋಜಣಿ ನಕ್ಷೆಗಳು ತಲೆಮಾರುಗಳ ಕಾಲ ಆ ಒಂದು ಬಿಂದು, ಒಂದು ದಿಕ್ಕಿನ ಆಧಾರದ ಮೇಲೆಯೇ ನಿಂತಿದ್ದವು.

ಬೆಂಗಳೂರಿನಲ್ಲಿ ಇನ್ನೊಂದು ಆಧಾರರೇಖೆಯನ್ನು 1868ರಲ್ಲಿ ಕೋಲ್ಬಿ ಸರಳುಗಳಿಂದ ಅಳೆಯಲಾಯಿತು. ಅದರ ಒಂದು ತುದಿ ನಗರದ ಈಶಾನ್ಯಕ್ಕಿರುವ ಕಣ್ಣೂರಿನಲ್ಲಿ, ಇನ್ನೊಂದು ಇಂದಿನ ಮೇಖ್ರಿ ವೃತ್ತದ ಹತ್ತಿರ. ತುದಿಗಳ ಮೇಲೆ ಕಟ್ಟಿದ ಪುಟ್ಟ ವೀಕ್ಷಣಾಲಯಗಳು ಊರಿನ ಬಹುತೇಕರ ಗಮನಕ್ಕೆ ಬಾರದೆ ನೂರೈವತ್ತು ವರ್ಷ ಕಳೆದವು. ಒಂದರಿಂದ ಇನ್ನೊಂದಕ್ಕೆ ಅಂದು ಅಡ್ಡಿಯಿಲ್ಲದೆ ಹರಿಯುತ್ತಿದ್ದ ನೋಟಕ್ಕೆ ಇಂದು ಕಟ್ಟಡಗಳ ಸಾಲೇ ಅಡ್ಡವಾಗಿದೆ. ಇಂಥ ಗುರುತುಗಳಿಗೆ ಕೋಟೆ, ಗುಡಿಗಳಿಗೆ ಸಲ್ಲುವ ರಕ್ಷಣೆ ಸಲ್ಲಬೇಕಿತ್ತು; ಅವು ಕಳೆದರೆ ಅಳತೆಯ ಕಾಗದ ಉಳಿಯುತ್ತದೆ, ಅಳತೆಯ ನೆಲ ಉಳಿಯುವುದಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳಕು ಮತ್ತು ರೇಡಿಯೋ ಅಲೆಗಳಿಂದ ದೂರವನ್ನೇ ನೇರವಾಗಿ ಅಳೆಯುವ ಯಂತ್ರಗಳು ಬಂದ ಮೇಲೆ ಕೋನದ ಏಕಾಧಿಪತ್ಯ ಮುಗಿಯಿತು. ಉಪಗ್ರಹ ಆಧಾರಿತ ಮೋಜಣಿಯಲ್ಲಿ ಕಿರಣದ ದಿಕ್ಕನ್ನು ಕೇಳುವವರೇ ಇಲ್ಲ. ಸಂಕೇತ ಉಪಗ್ರಹದಿಂದ ನೆಲಕ್ಕೆ ಬರಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ಗ್ರಾಹಕದ ಮೂರು ಆಯಾಮಗಳ ಸ್ಥಾನ ಮತ್ತು ಅದರ ಗಡಿಯಾರದ ತಪ್ಪು ಸೇರಿ ನಾಲ್ಕು ತಿಳಿಯದ ಪರಿಮಾಣಗಳಿರುವುದರಿಂದ ಕಡೇಪಕ್ಷ ನಾಲ್ಕು ಉಪಗ್ರಹಗಳು ಬೇಕು. 2005ರ ರಾಷ್ಟ್ರೀಯ ನಕ್ಷಾ ನೀತಿಯಿಂದ ಸಾರ್ವಜನಿಕರಿಗೆ ದೊರೆಯುವ ನಕ್ಷೆಗಳು ಕಲ್ಯಾಣಪುರದ ಆಧಾರವನ್ನು ಬಿಟ್ಟು, ಭೂಮಿಯ ಕೇಂದ್ರವನ್ನೇ ಮೂಲಬಿಂದುವಾಗಿಟ್ಟುಕೊಂಡ ಜಾಗತಿಕ ವ್ಯವಸ್ಥೆಗೆ ಬದಲಾದವು.